ಲಂಕೆಯ ಆಕಾಶಕ್ಕೆ ಮದ್ರಾಸಿನ ಮೆಟ್ಟಿಲು

ಸಿಂಹಳದ್ವೀಪಕ್ಕೆ ಸ್ವಾತಂತ್ರ್ಯ ಬರಲು ಇನ್ನೂ ಎಂಟು ವಾರಗಳಿರುವಾಗಲೇ, 1947ರ ಡಿಸೆಂಬರ್ 10ರಂದು, ಕೊಲಂಬೊ ನಗರದ ಅಂಚಿನ ರತ್ಮಲಾನ ನಿಲ್ದಾಣದಿಂದ ಮೇಲೆದ್ದ ಡಕೋಟಾ ವಿಮಾನವೊಂದು ಜಾಫ್ನಾ ಸೀಮೆಯ ಕಾಂಕೇಸನ್‌ತುರೈಯಲ್ಲಿ ಒಮ್ಮೆ ಇಳಿದು, ಪುನಃ ಎದ್ದು, ಕಡಲನ್ನು ದಾಟಿ ಮದ್ರಾಸನ್ನು ಸೇರಿತು. ಏರ್ ಸಿಲೋನ್ ಎಂಬ ಸಂಸ್ಥೆಯ ಪ್ರಥಮ ಯಾನವದು. ಸ್ವಂತ ಬಾವುಟ ಇನ್ನೂ ಹಾರಿರಲಿಲ್ಲ. ಸ್ವಂತ ವಿಮಾನ ಹಾರಿಹೋಗಿದ್ದಿತು. ಈ ಸಾಹಸದ ಹಿಂದೆ ನಿಂತವರು ಆಗ ಮಂತ್ರಿಗಳಾಗಿದ್ದು ಮುಂದೆ ಪ್ರಧಾನಿಯೂ ಆದ ಜಾನ್ ಕೊತಲಾವಲರು. ಸಂಸ್ಥೆಯ ಡಕೋಟಾಗಳಿಗೆ ರಾಣಿಯರ ಹೆಸರುಗಳನ್ನಿಟ್ಟಿದ್ದರು, ಅವುಗಳಲ್ಲೊಂದು ಸೀತಾದೇವಿ. ಲಂಕೆಯಿಂದ ಭರತಖಂಡಕ್ಕೆ ಬರುವ ವಿಮಾನಕ್ಕೆ ಆ ಹೆಸರನ್ನು ಆರಿಸಿದವರಿಗೆ ರಾಮಾಯಣವೂ ತಿಳಿದಿತ್ತು, ವಿನೋದವೂ ತಿಳಿದಿತ್ತೆಂದು ನಂಬುವುದು ನನಗೆ ಇಷ್ಟ. ಲಂಕೆಯ ಮೊಟ್ಟಮೊದಲ ವಿಮಾನವಾದ ಪುಷ್ಪಕವಾದರೂ ರಾವಣನ ಸ್ವಂತದ್ದಲ್ಲವಷ್ಟೆ! ಅಣ್ಣನಾದ ಕುಬೇರನಿಂದ ಬಂದದ್ದು, ಕೆಲಸ ಮುಗಿದ ಮೇಲೆ ಅವನಿಗೇ ಹಿಂತಿರುಗಿದ್ದು. ಪರರ ವಿಮಾನದಲ್ಲಿ ಹಾರುವ ಈ ಪದ್ಧತಿ ದ್ವೀಪವನ್ನು ಮುಂದೆಯೂ ಬಿಟ್ಟುಹೋಗಲಿಲ್ಲ.

ಅಂದಿನಿಂದ ಇಂದಿನವರೆಗೆ ಆ ದ್ವೀಪದ ವಿಮಾನ ಸಂಸ್ಥೆಯು, ಮೊದಲು ಏರ್ ಸಿಲೋನ್ ಎಂದೂ, ಬಳಿಕ ಏರ್ ಲಂಕಾ ಎಂದೂ, ಈಗ ಶ್ರೀಲಂಕನ್ ಏರ್‌ಲೈನ್ಸ್ ಎಂದೂ ಹೆಸರು ಬದಲಿಸುತ್ತ, ಆಸ್ಟ್ರೇಲಿಯದವರು, ಡಚ್ಚರು, ಆಂಗ್ಲರು, ಫ್ರೆಂಚರು, ಸಿಂಗಪುರದವರು, ದುಬೈನವರು ಎಂದು ಒಬ್ಬರ ಬಳಿಕ ಒಬ್ಬರನ್ನು ಜೊತೆಗೂಡಿಸಿಕೊಂಡು ಲಂಡನ್ನಿನ ದಾರಿಯನ್ನು ಹಿಡಿಯಿತು. ಆ ದೀರ್ಘಮಾರ್ಗವು ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತಲೇ ಸಾಗಿತು. ಸುಮಾರು 650 ಕಿಲೋಮೀಟರಿನ ಮದ್ರಾಸಿನ ಕಿರುದಾರಿಗಾದರೋ ಯಾರ ಕೈಯೂ ಬೇಕಾಗಲಿಲ್ಲ. ಚಿಕ್ಕ ದ್ವೀಪವೊಂದರ ವಿಮಾನ ಸಂಸ್ಥೆ ಯಾವ ಊರಿಗೆ ಹಾರಬೇಕು, ಯಾರೊಡನೆ ಕೈಜೋಡಿಸಬೇಕು ಎಂಬ ಪ್ರಶ್ನೆಗೆ ಉತ್ತರವನ್ನು ಭೂಪಟದ ದೂರದ ತುದಿಯಲ್ಲಿ ಹುಡುಕುವವರೇ ಹೆಚ್ಚು. ಚೆನ್ನೈಯಲ್ಲಿ ಕುಳಿತು ನೋಡುವವನಿಗೆ ಅದು ಹತ್ತಿರದ ತುದಿಯಲ್ಲಿಯೇ ಕಾಣಿಸುತ್ತದೆ.

ಮಾರ್ಗವನ್ನು ಗೊತ್ತುಮಾಡುವುದೆಂಬುದು ಹಿಂದೆ ಇಂಧನದ ಲೆಕ್ಕವಾಗಿದ್ದಿತು. 1932ರ ಅಕ್ಟೋಬರಿನಲ್ಲಿ ಟಾಟಾ ಸಂಸ್ಥೆಯ ಅಂಚೆಯ ವಿಮಾನ ಕರಾಚಿಯಿಂದ ಮದ್ರಾಸಿಗೆ ಹೊರಟಾಗ, ಮುಂಬಯಿಯವರೆಗೆ ಜೆ.ಆರ್.ಡಿ. ಟಾಟಾ ಅವರೂ ಅಲ್ಲಿಂದ ಮುಂದಕ್ಕೆ ನೆವಿಲ್ ವಿನ್ಸೆಂಟರೂ ಅದನ್ನು ನಡೆಸಿದರು. ಮುಂಬಯಿ ಮದ್ರಾಸುಗಳ ನಡುವಣ ಅಂತರವನ್ನು ಆ ಪುಟ್ಟ ಪಸ್ ಮಾತ್ ವಿಮಾನ ಒಂದೇ ಉಸಿರಿನಲ್ಲಿ ದಾಟಲಾರದಾದ್ದರಿಂದ ನಡುವೆ ತಂಗಲು ಆರಿಸಿದ ಊರು ನಮ್ಮ ಬಳ್ಳಾರಿ. ಅಂದು ಮದ್ರಾಸು ಪ್ರಾಂತ್ಯಕ್ಕೇ ಸೇರಿದ್ದ ಆ ಕನ್ನಡ ಜಿಲ್ಲೆಯ ಬಿಸಿಲಿಗೂ ಬಂಡೆಗಳಿಗೂ ವಿಮಾನಯಾನದ ಚರಿತ್ರೆಯಲ್ಲಿ ಹೀಗೊಂದು ಸ್ಥಾನ ದೊರೆಯಿತು. ದಾರಿ ಮುಂದೆ ಹೈದರಾಬಾದಿನ ಕಡೆಗೆ ಹೊರಳಿದೊಡನೆ ಹೋಗಿಯೂ ಬಿಟ್ಟಿತು. 1938ರಲ್ಲಿ ಅದೇ ಮಾರ್ಗ ಕೊಲಂಬೊವರೆಗೆ ಬೆಳೆಯಿತು. ವಿಮಾನದ ಶಕ್ತಿ ಹೆಚ್ಚಿದೊಡನೆ ನಡುವಿನ ಊರು ಲೆಕ್ಕದಿಂದ ಬಿಟ್ಟುಹೋಗುವುದು ಈ ವ್ಯಾಪಾರದ ಹಳೆಯ ನ್ಯಾಯ. ನಡುದಾರಿಯ ಊರಾಗಿ ಬಾಳುವವರೆಲ್ಲರೂ, ಕೊಲಂಬೊವೂ ಕೂಡ, ಈ ನ್ಯಾಯವನ್ನು ನೆನಪಿನಲ್ಲಿಟ್ಟುಕೊಂಡೇ ವೇಳಾಪಟ್ಟಿಯನ್ನು ಬರೆಯಬೇಕಾಗುತ್ತದೆ.

ಏರ್ ಸಿಲೋನಿಗೆ ಮದ್ರಾಸು, ತಿರುಚಿನಾಪಳ್ಳಿಗಳಿಂದಲೇ ತೃಪ್ತಿಯಾಗಲಿಲ್ಲ, ಆಗುವಂತೆಯೂ ಇರಲಿಲ್ಲ. 1949ರಲ್ಲಿ ಆಸ್ಟ್ರೇಲಿಯನ್ ನ್ಯಾಷನಲ್ ಏರ್‌ವೇಸ್ ಸಂಸ್ಥೆಗೆ ನೂರಕ್ಕೆ 49ರಷ್ಟು ಪಾಲನ್ನು ಕೊಟ್ಟು, ಅವರ ಸ್ಕೈಮಾಸ್ಟರ್ ವಿಮಾನಗಳಲ್ಲಿ ಒಂದು ಕಡೆ ಲಂಡನ್ನಿಗೂ ಇನ್ನೊಂದು ಕಡೆ ಸಿಡ್ನಿಗೂ ಅದು ಹಾರಿತು. ಆಸ್ಟ್ರೇಲಿಯದವರಿಗೆ ತಮ್ಮ ಸರ್ಕಾರದಿಂದ ಸಿಗದಿದ್ದ ವಿದೇಶಮಾರ್ಗದ ಅನುಮತಿ ಸಿಂಹಳದ ಹೆಸರಿನಲ್ಲಿ ಸಿಕ್ಕಿತು. ಸಿಂಹಳಕ್ಕೆ ತನ್ನ ಬೊಕ್ಕಸದಿಂದ ಕೊಳ್ಳಲಾಗದಿದ್ದ ವಿಮಾನ ಸಿಕ್ಕಿತು. 1953ಕ್ಕೆ ಆ ಸಂಬಂಧ ಮುಗಿಯಿತು. ಬಳಿಕ ಡಚ್ಚರ ಕೆ.ಎಲ್.ಎಂ. ಬಂದಿತು, 1962ರಲ್ಲಿ ಬ್ರಿಟಿಷರ ಬಿ.ಒ.ಎ.ಸಿ. ಬಂದು ಕಾಮೆಟ್ ವಿಮಾನವನ್ನು ತಂದಿತು. 1972ರಲ್ಲಿ ಫ್ರೆಂಚರ ಯು.ಟಿ.ಎ. ಬಂದು ಡಿ.ಸಿ. 8 ವಿಮಾನವನ್ನು ತಂದಿತು. ನಡುವೆ, 1969ರಲ್ಲಿ, ಸಂಸ್ಥೆಯು ಟ್ರೈಡೆಂಟ್ ಎಂಬ ಜೆಟ್ ವಿಮಾನವನ್ನು ಸ್ವಂತಕ್ಕೆ ಕೊಂಡಿತು, ಒಂದೇ ಒಂದನ್ನು. ಒಂದೇ ವಿಮಾನವುಳ್ಳ ಜಾಲದಲ್ಲಿ ಒಂದು ಕೀಲು ಸಡಿಲಾದರೆ ಅಂದಿನ ಊರುಗಳೆಲ್ಲವೂ ರದ್ದು. 1978ರಲ್ಲಿ ಏರ್ ಸಿಲೋನ್ ಬಾಗಿಲು ಮುಚ್ಚಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಏರ್ ಲಂಕಾ ಹುಟ್ಟಿದಾಗ ಅದು ಹಾರಿಸಿದ ಬೋಯಿಂಗ್ 707 ವಿಮಾನಗಳು ಸಿಂಗಪುರ ಏರ್‌ಲೈನ್ಸಿನಿಂದ ಬಾಡಿಗೆಗೆ ಬಂದವು. ಆಡಳಿತದ ಪಾಠವನ್ನು ಹೇಳಿಕೊಟ್ಟವರೂ ಅವರೇ.

ಇದನ್ನು ದ್ವೀಪದ ದೌರ್ಬಲ್ಯವೆಂದು ಹಳಿಯುವುದು ನ್ಯಾಯವಲ್ಲ. ಎರಡು ಕೋಟಿಯಷ್ಟು ಜನರ ದೇಶದಿಂದ ಪ್ರತಿದಿನವೂ ಲಂಡನ್ನಿಗೆ ಹೊರಡುವವರನ್ನು ಎಣಿಸಿದರೆ ಒಂದು ದೊಡ್ಡ ವಿಮಾನ ತುಂಬುವುದು ಕಷ್ಟ. ತುಂಬಬೇಕಾದರೆ ಇತರ ಊರುಗಳಿಂದ ಜನ ಬಂದು ಕೊಲಂಬೊದಲ್ಲಿ ವಿಮಾನ ಬದಲಿಸಬೇಕು. ಚೆನ್ನೈ, ತಿರುಚಿ, ತಿರುವನಂತಪುರ, ಬೆಂಗಳೂರುಗಳಿಂದ ಚಿಕ್ಕ ವಿಮಾನಗಳು ಒಂದೆರಡು ಗಂಟೆಗಳ ಅವಧಿಯೊಳಗೆ ಒಟ್ಟಿಗೆ ಬಂದಿಳಿಯಬೇಕು. ದೊಡ್ಡ ವಿಮಾನ ಆ ಬಳಿಕ ಹೊರಡಬೇಕು. ಪ್ರಯಾಣಿಕನ ಪೆಟ್ಟಿಗೆ ಅವನ ಕೈ ಸೋಕದೆ ಒಂದರಿಂದ ಇನ್ನೊಂದಕ್ಕೆ ದಾಟಬೇಕು. ಇಡೀ ವೇಳಾಪಟ್ಟಿಯ ಕುಶಲತೆಯೆಲ್ಲ ಈ ಎರಡು ಗಂಟೆಗಳಲ್ಲಿದೆ. ಚೆನ್ನೈಯ ವಿಮಾನ ಅರ್ಧ ಗಂಟೆ ತಡವಾದರೆ ಲಂಡನ್ನಿನ ವಿಮಾನದಲ್ಲಿ ಹತ್ತಿಪ್ಪತ್ತು ಸೀಟುಗಳು ಬರಿದಾಗುತ್ತವೆ, ಕೊಲಂಬೊದಲ್ಲಿ ಅಷ್ಟೇ ಜನರಿಗೆ ಹೋಟೆಲಿನ ಖರ್ಚು ಹೆಚ್ಚುತ್ತದೆ. ಕಿರುದಾರಿಯಲ್ಲಿ ಇನ್ನೊಂದು ತೊಡಕೂ ಉಂಟು: ಮೇಲೇರುವಾಗ ವಿಮಾನ ಅತ್ಯಧಿಕ ಇಂಧನವನ್ನು ಉರಿಸುತ್ತದೆ, ಇಳಿದಲ್ಲೆಲ್ಲ ನಿಲ್ದಾಣಕ್ಕೆ ಶುಲ್ಕ ತೆರಬೇಕಾಗುತ್ತದೆ, ಒಂದೂಕಾಲು ಗಂಟೆಯ ಹಾರಾಟಕ್ಕೂ ಹತ್ತು ಗಂಟೆಯ ಹಾರಾಟಕ್ಕೂ ಏರುವ ಇಳಿಯುವ ಖರ್ಚು ಇದ್ದೇ ಇರುವುದರಿಂದ ಕಿಲೋಮೀಟರಿನ ಲೆಕ್ಕಕ್ಕೆ ಚೆನ್ನೈಯ ದಾರಿ ಲಂಡನ್ನಿನ ದಾರಿಗಿಂತ ದುಬಾರಿ. ಆದುದರಿಂದ ಲಂಡನ್ನಿಗೆ ಹೋಗುವವನು ತೆತ್ತ ಟಿಕೆಟಿನ ಹಣದಲ್ಲಿ ಚೆನ್ನೈಯ ತುಂಡಿಗೆ ಎಷ್ಟನ್ನು ಹಚ್ಚಬೇಕೆಂಬ ಲೆಕ್ಕವೇ ಮಾರ್ಗವನ್ನು ಲಾಭದ್ದಾಗಿಯೂ ನಷ್ಟದ್ದಾಗಿಯೂ ತೋರಿಸಬಲ್ಲುದು. ಪಾಲುದಾರ ಸಂಸ್ಥೆಯೊಡನೆ ಒಂದೇ ಟಿಕೆಟಿನ ಒಪ್ಪಂದ, ಎಂದರೆ ವಿಮಾನದವರು ಕೋಡ್‌ಶೇರ್ ಎನ್ನುವುದು, ಮಾಡಿಕೊಂಡಾಗ ಈ ಲೆಕ್ಕ ಎರಡು ಮನೆಗಳ ನಡುವಿನ ಜಗಳವಾಗುತ್ತದೆ. ದೂರದ ತುಂಡನ್ನು ಹಾರಿಸುವವನು ದೊಡ್ಡವನಾದರೆ ಹತ್ತಿರದ ತುಂಡಿನವನಿಗೆ ಉಳಿಯುವುದು ಸಿಪ್ಪೆ.

ಹೀಗಿದ್ದರೂ ಚೆನ್ನೈಯ ದಾರಿ ಸಾಯಲಿಲ್ಲವೇಕೆಂದರೆ, ಅದರಲ್ಲಿ ಲಂಡನ್ನಿನ ಹಂಗಿಲ್ಲದ ಜನ ತುಂಬಿರುತ್ತಾರೆ. ಎಗ್ಮೋರ್ ರೈಲು ನಿಲ್ದಾಣದ ಎದುರಿನ ಕೆನೆಟ್ ಲೇನಿಗೆ ಹೋದರೆ ಮಹಾಬೋಧಿ ಸೊಸೈಟಿಯ ಕಟ್ಟಡವಿದೆ. ಅಲ್ಲಿ ಮೈತುಂಬ ಬಿಳಿಯ ಉಡುಪಿನ ಸಿಂಹಳದ ಯಾತ್ರಿಕರು ಗುಂಪುಗುಂಪಾಗಿ ಜಗಲಿಯ ಮೇಲೆ ಚಪ್ಪಲಿಗಳನ್ನು ಸಾಲಾಗಿ ಬಿಟ್ಟು, ನೀರಿನ ಬಾಟಲಿಗಳನ್ನು ಪಕ್ಕದಲ್ಲಿಟ್ಟುಕೊಂಡು, ಬೋಧಗಯೆಗೆ ಹೋಗುವ ರೈಲಿನ ಹೊತ್ತನ್ನು ಕಾಯುತ್ತಿರುತ್ತಾರೆ; ವಯಸ್ಸಾದ ಅಮ್ಮಂದಿರು ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಪಕ್ಕದವರಿಗೆ ಹಂಚುತ್ತಾರೆ; ಗುಂಪಿನ ಮುಂದಾಳು ಪಾಸ್‌ಪೋರ್ಟುಗಳ ಕಟ್ಟನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು ಎದೆಗವಚಿಕೊಂಡಿರುತ್ತಾನೆ. ಅವರ ಅಜ್ಜಂದಿರ ಕಾಲದಲ್ಲಿ ಇದೇ ಎಗ್ಮೋರಿಗೆ ಬೋಟ್ ಮೇಲ್ ಎಂಬ ರೈಲು ಬರುತ್ತಿದ್ದಿತು. ತಲೈಮನ್ನಾರಿನಲ್ಲಿ ಹಡಗು ಹತ್ತಿ ಧನುಷ್ಕೋಟಿಯಲ್ಲಿ ಇಳಿದವರನ್ನು ಅದು ಮದ್ರಾಸಿಗೆ ಮುಟ್ಟಿಸುತ್ತಿದ್ದಿತು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಟಿಯನ್ನು ಅಳಿಸಿಹಾಕಿತು. ರಾಮೇಶ್ವರದಿಂದ ಮುಂದುವರಿದ ಹಡಗು 1980ರ ದಶಕದ ಅಂತರ್ಯುದ್ಧದಲ್ಲಿ ನಿಂತಿತು. ರೈಲೂ ಹಡಗೂ ಬಿಟ್ಟುಕೊಟ್ಟ ಜನರನ್ನೆಲ್ಲ ವಿಮಾನವೇ ಹೊರಬೇಕಾಯಿತು.

ಮೀನಂಬಾಕ್ಕಮಿನ ಅಂತರರಾಷ್ಟ್ರೀಯ ಟರ್ಮಿನಲ್ಲಿನಲ್ಲಿ ಕೊಲಂಬೊ ಸರದಿ ನಿಂತಿರುವಾಗ ಒಮ್ಮೆ ಗಮನಿಸಬೇಕು. ಮದುವೆಗೆಂದು ತ್ಯಾಗರಾಯನಗರದಲ್ಲಿ ರೇಷ್ಮೆ ಸೀರೆ ಕೊಂಡವರು, ಆಸ್ಪತ್ರೆಯ ಎಕ್ಸ್‌ರೇ ಲಕೋಟೆಯನ್ನು ಕೈಯಲ್ಲಿ ಹಿಡಿದವರು, ಟೊರಾಂಟೊದಿಂದಲೋ ಲಂಡನ್ನಿನಿಂದಲೋ ಬಂದು ಎರಡೂ ದಡದ ಬಂಧುಗಳನ್ನು ಕಂಡುಹೋಗುವ ಜಾಫ್ನಾದವರು, ಇವರೆಲ್ಲರ ನಡುವೆ ಈ ಊರಿನವರು ಕುರುವಿ ಎಂದು ಕರೆಯುವ ಚಿಲ್ಲರೆ ವ್ಯಾಪಾರಿಗಳು. ತೂಕದ ಯಂತ್ರದ ಮುಂದೆ ಗಂಟನ್ನು ಬಿಚ್ಚಿ, ಎರಡು ಕಿಲೋ ಬಟ್ಟೆಯನ್ನು ತೆಗೆದು ಹಿಂದಿನವನ ಚೀಲಕ್ಕೆ ತುರುಕಿ, ಮತ್ತೆ ತೂಗಿಸಿ, ಮುಳ್ಳು ಮಿತಿಯೊಳಗೆ ನಿಂತದ್ದನ್ನು ಕಂಡು ಗೆದ್ದ ಮುಖದಿಂದ ಮುಂದೆ ಹೋಗುವ ಇವರ ಚಾಕಚಕ್ಯತೆ ಯಾವ ವಿಮಾನ ಸಂಸ್ಥೆಯ ಯೋಜನಾ ವಿಭಾಗಕ್ಕೂ ಕಡಮೆಯದಲ್ಲ. ತಿಂಗಳಿಗೆ ಎಷ್ಟೋ ಸಲ ಹೋಗಿಬರುವ ಈ ಗಿರಾಕಿಗೆ ದೊಡ್ಡ ಪಾಲುದಾರನ ಚಿಹ್ನೆಯೂ ಬೇಡ, ವಿಶ್ರಾಂತಿಗೃಹವೂ ಬೇಡ. ಅಗ್ಗದ ಟಿಕೆಟೂ ಧಾರಾಳವಾದ ಲಗೇಜೂ ಇದ್ದರೆ ಸಾಕು.

ಸಹಭಾಗಿತ್ವದ ಕಥೆಯಲ್ಲಿ ಅತ್ಯಂತ ದೀರ್ಘವೂ ಅತ್ಯಂತ ಕಹಿಯೂ ಆದ ಅಧ್ಯಾಯ ದುಬೈನ ಎಮಿರೇಟ್ಸಿನದು. 1998ರಲ್ಲಿ ಏರ್ ಲಂಕಾದ ನೂರಕ್ಕೆ 40ರಷ್ಟು ಪಾಲನ್ನು ಅದು ಕೊಂಡಿತು, ಮುಂದೆ 43ಕ್ಕೂ ಮೇಲಕ್ಕೆ ಏರಿಸಿಕೊಂಡಿತು. ಹತ್ತು ವರ್ಷಗಳ ಆಡಳಿತದ ಕರಾರು ಅದರ ಕೈಯಲ್ಲಿದ್ದಿತು. ಸಂಸ್ಥೆಗೆ ಇಂದಿನ ಹೆಸರು ಬಂದದ್ದೂ ಹೊಸ ಏರ್‌ಬಸ್ಸುಗಳು ಬಂದದ್ದೂ ಆ ಕಾಲದಲ್ಲಿಯೇ. 2001ರ ಜುಲೈ 24ರಂದು ಕೊಲಂಬೊದ ಕಟುನಾಯಕ ನಿಲ್ದಾಣದ ಮೇಲೆ ಎಲ್.ಟಿ.ಟಿ.ಇ. ನಡೆಸಿದ ದಾಳಿಯಲ್ಲಿ ಸಂಸ್ಥೆಯ ವಿಮಾನಗಳಲ್ಲಿ ಅರ್ಧದಷ್ಟು ಸುಟ್ಟುಹೋದವು ಇಲ್ಲವೆ ಜಖಂಗೊಂಡವು. ಉಳಿದ ವಿಮಾನಗಳಿಂದ ಏನನ್ನು ಹಾರಿಸಬಹುದೆಂದು ಯೋಚಿಸಿದಾಗ, ದೂರದ ಊರುಗಳಲ್ಲಿ ಹಲವನ್ನು ಕೈಬಿಟ್ಟು ಹತ್ತಿರದ ಭಾರತದ ಕಡೆಗೆ ಮುಖ ತಿರುಗಿಸುವುದೇ ಬುದ್ಧಿವಂತಿಕೆಯಾಯಿತು. ಮುಂದಿನ ವರ್ಷಗಳಲ್ಲಿ ಬೆಂಗಳೂರೂ ಸೇರಿದಂತೆ ಭಾರತದ ಊರುಗಳು ವೇಳಾಪಟ್ಟಿಯಲ್ಲಿ ಹೆಚ್ಚುತ್ತ ಹೋದವು. ಸಂಸ್ಥೆಯನ್ನು ಉಳಿಸಿದ ಈ ತಿರುವು ಯಾವ ಮಹಾಯೋಜನೆಯಿಂದಲೂ ಹುಟ್ಟಿದ್ದಲ್ಲ, ಬೆಂಕಿಯಿಂದ ಹುಟ್ಟಿದ್ದು.

2007ರ ಡಿಸೆಂಬರಿನಲ್ಲಿ ಲಂಡನ್ನಿನಿಂದ ಹಿಂದಿರುಗುತ್ತಿದ್ದ ರಾಷ್ಟ್ರಾಧ್ಯಕ್ಷ ಮಹಿಂದ ರಾಜಪಕ್ಸರ ಪರಿವಾರಕ್ಕಾಗಿ ತುಂಬಿದ ವಿಮಾನದಿಂದ ಟಿಕೆಟು ಕೊಂಡವರನ್ನು ಇಳಿಸಲು ಸಂಸ್ಥೆ ಒಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಅದರ ಮುಖ್ಯಾಧಿಕಾರಿ ಪೀಟರ್ ಹಿಲ್ ಅವರ ಕೆಲಸದ ವೀಸಾ ರದ್ದಾಯಿತು. 2008ರ ಮಾರ್ಚಿನಲ್ಲಿ ಕರಾರು ಮುಗಿದಾಗ ಎಮಿರೇಟ್ಸ್ ಅದನ್ನು ಮುಂದುವರಿಸಲಿಲ್ಲ. 2010ರಲ್ಲಿ ಅದರ ಪಾಲನ್ನು ಸರ್ಕಾರ ಹಿಂದಕ್ಕೆ ಕೊಂಡಿತು. ಪಾಲುದಾರನು ಸಂಸ್ಥೆಯನ್ನು ವ್ಯಾಪಾರವೆಂದು ಕಂಡನು, ಒಡೆಯನು ಮನೆಯ ಗಾಡಿಯೆಂದು ಕಂಡನು. ದ್ವೀಪಗಳ ವಿಮಾನ ಸಂಸ್ಥೆಗಳು ಬಡವಾಗುವುದಕ್ಕೆ ಪಾಲುದಾರನ ಲೋಭ ಕಾರಣವೆನ್ನುವವರಿದ್ದಾರೆ. ಒಡೆಯನ ಈ ಸಲಿಗೆ ಅದಕ್ಕಿಂತ ದೊಡ್ಡ ಕಾರಣವೆಂಬುದು ನನ್ನ ಅಭಿಪ್ರಾಯ.

ಆ ಬಳಿಕ ಒಬ್ಬನ ಕೈಹಿಡಿಯುವುದನ್ನು ಬಿಟ್ಟು ಒಂದು ಕೂಟವನ್ನು ಸೇರುವ ಯೋಚನೆ ಬಂದಿತು. ಬ್ರಿಟಿಷ್ ಏರ್‌ವೇಸ್, ಕ್ಯಾಥೇ ಪೆಸಿಫಿಕ್, ಕ್ವಾಂಟಸ್ ಮೊದಲಾದವುಗಳ ಒನ್‌ವರ್ಲ್ಡ್ ಕೂಟದಲ್ಲಿ ಭರತಖಂಡದ ಪೀಠವು ಮೊದಲು ಮೀಸಲಾಗಿದ್ದುದು ನಮ್ಮ ಬೆಂಗಳೂರಿನ ಕಿಂಗ್‌ಫಿಷರಿಗೆ. 2012ರ ಫೆಬ್ರವರಿ 10ರಂದು ಅದರ ಪ್ರವೇಶವೆಂದು ದಿನವೂ ಗೊತ್ತಾಗಿದ್ದಿತು. ಸಾಲದ ಹೊರೆಯಲ್ಲಿ ಸಂಸ್ಥೆ ಕುಸಿಯುತ್ತಿದ್ದುದನ್ನು ಕಂಡು ಕೂಟದವರು ಒಂದು ವಾರದ ಮುಂಚೆ ಅದನ್ನು ತಡೆಹಿಡಿದರು. ಅದೇ ವರ್ಷ ಶ್ರೀಲಂಕನ್ ಏರ್‌ಲೈನ್ಸಿಗೆ ಕರೆ ಹೋಯಿತು. 2014ರ ಮೇ 1ರಂದು ಅದು ಕೂಟವನ್ನು ಸೇರಿದಾಗ, ಈ ಉಪಖಂಡದಿಂದ ಇಂಥ ಕೂಟವೊಂದನ್ನು ಹೊಕ್ಕ ಮೊದಲ ಸಂಸ್ಥೆಯೆಂಬ ಕೀರ್ತಿ ಪುಟ್ಟ ದ್ವೀಪದ ಪಾಲಿಗೆ ಬಂದಿತು. ಏರ್ ಇಂಡಿಯಾ ತನ್ನ ಕೂಟವಾದ ಸ್ಟಾರ್ ಅಲಯನ್ಸನ್ನು ಸೇರಿದ್ದು ಅದಾದ ಎರಡು ತಿಂಗಳಿಗೆ. ಕೀರ್ತಿಯಿಂದ ಲೆಕ್ಕ ಸರಿಹೋಗಲಿಲ್ಲ. 2016ರಲ್ಲಿ ಪ್ಯಾರಿಸ್, ಫ್ರಾಂಕ್‌ಫರ್ಟುಗಳ ಮಾರ್ಗಗಳನ್ನು ನಿಲ್ಲಿಸಬೇಕಾಯಿತು. ಕೊಳ್ಳಲು ಗೊತ್ತುಮಾಡಿದ್ದ ಏರ್‌ಬಸ್ ಎ350 ವಿಮಾನಗಳ ಕರಾರನ್ನೂ ಬಿಡಬೇಕಾಯಿತು. ಕೂಟವು ಅಂಕಗಳನ್ನು ಹಂಚುತ್ತದೆ, ಪೆಟ್ಟಿಗೆಗಳನ್ನು ದಾಟಿಸುತ್ತದೆ. ಬರಿದಾದ ಸೀಟನ್ನು ತುಂಬಿಸಿಕೊಡುವ ಹೊಣೆಯನ್ನು ಹೊರುವುದಿಲ್ಲ. ಚೆನ್ನೈಯವನು ಲಂಡನ್ನಿಗೆ ಹೋಗಬೇಕಾದರೆ ಅದೇ ಕೂಟದ ಬ್ರಿಟಿಷ್ ಏರ್‌ವೇಸ್ ಇಲ್ಲಿಂದ ನೇರವಾಗಿ ಹಾರುತ್ತದೆ. ಗೆಳೆಯನೇ ಎದುರಾಳಿಯಾಗಿ ನಿಂತಿರುವಾಗ ಕೊಲಂಬೊ ಬೆಲೆಯನ್ನು ಇಳಿಸುವುದರ ಹೊರತು ಮತ್ತೇನು ಮಾಡಬಲ್ಲುದು?

2022ರಲ್ಲಿ ಲಂಕೆಯ ಬೊಕ್ಕಸ ಬರಿದಾಗಿ ವಿಮಾನಕ್ಕೂ ಇಂಧನವಿಲ್ಲದಂತಾದಾಗ, ಕೊಲಂಬೊದಿಂದ ಹೊರಟ ದೂರದ ವಿಮಾನಗಳು ತಿರುವನಂತಪುರ, ಕೊಚ್ಚಿಗಳಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಮುಂದೆ ಹೋದವು. ಬಳ್ಳಾರಿಯ ಕಾಲ ಮರಳಿದಂತಾಯಿತು, ಕಾರಣ ಮಾತ್ರ ಬೇರೆ. ಬಳಿಕ ಸರ್ಕಾರವು ಸಂಸ್ಥೆಯನ್ನು ಮಾರಹೊರಟಿತು; 2024ರಲ್ಲಿ ಬಂದ ಹೊಸ ಸರ್ಕಾರ ಆ ಯೋಚನೆಯನ್ನು ಕೈಬಿಟ್ಟಿತು. ಇಷ್ಟರಲ್ಲಿ ಹತ್ತಿರದ ದಾರಿಯಲ್ಲಿಯೇ ಭಾರತದವರು ಬಂದು ನಿಂತಿದ್ದಾರೆ. ಚೆನ್ನೈ ಕೊಲಂಬೊ ನಡುವೆ ಇಂಡಿಗೋ ಹಾರುತ್ತದೆ. ಜಾಫ್ನಾದ ಪಲಾಲಿ ನಿಲ್ದಾಣ 2019ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯವಾಗಿ ತೆರೆದಾಗ, ಮುಂದಿನ ತಿಂಗಳು ಚೆನ್ನೈಯಿಂದ ಅಲ್ಲಿಗೆ ಜನರನ್ನು ಕರೆದೊಯ್ದದ್ದು ಅಲಯನ್ಸ್ ಏರ್ ಸಂಸ್ಥೆಯ ಪ್ರೊಪೆಲರಿನ ಎ.ಟಿ.ಆರ್. ವಿಮಾನ; ಕೋವಿಡ್ಡಿನಲ್ಲಿ ನಿಂತ ಆ ಸೇವೆ 2022ರ ಡಿಸೆಂಬರಿನಲ್ಲಿ ಪುನಃ ಆರಂಭವಾಯಿತು; 2024ರ ಸೆಪ್ಟೆಂಬರಿನಿಂದ ಇಂಡಿಗೋ ಕೂಡ ಸೇರಿತು. ಏಳು ದಶಕಗಳ ಹಿಂದೆ ಏರ್ ಸಿಲೋನ್ ತಾನೇ ತೋರಿಸಿಕೊಟ್ಟ ದಾರಿಯನ್ನು ನೆರೆಯವರು ಹೀಗೆ ಹಿಡಿದದ್ದನ್ನು ನೋಡಿದರೆ, ದ್ವೀಪದವರು ದೂರದ ಪಾಲುದಾರರನ್ನು ಹುಡುಕುತ್ತ ಹೋದಷ್ಟು ಕಾಲವನ್ನು ಚೆನ್ನೈಯಲ್ಲೊಬ್ಬ ಪಾಲುದಾರನನ್ನು ಹುಡುಕುವುದರಲ್ಲಿ ಕಳೆಯಬಾರದಿತ್ತೇ ಎನಿಸುತ್ತದೆ. ಹತ್ತಿರದವನ ಬಳಿ ಮಧುರೆಗೂ ಹುಬ್ಬಳ್ಳಿಗೂ ಹಾರುವ ವಿಮಾನಗಳಿವೆ, ದ್ವೀಪದ ಬಳಿ ಮೆಲ್ಬರ್ನಿಗೆ ಹಾರುವ ವಿಮಾನವಿದೆ. ಒಂದೇ ಟಿಕೆಟಿನಲ್ಲಿ ಹುಬ್ಬಳ್ಳಿಯವನನ್ನು ಮೆಲ್ಬರ್ನಿಗೆ ಮುಟ್ಟಿಸುವ ಒಪ್ಪಂದದಲ್ಲಿ ಇಬ್ಬರಿಗೂ ಸಿಪ್ಪೆಯ ಬದಲು ಹಣ್ಣು ಸಿಗಬಹುದು.

ಈ ವಿಷಯದಲ್ಲಿ ಲಂಕೆಗಿಂತಲೂ ಚಿಕ್ಕವರಾದ ಮಾಲ್ದೀವಿನವರು ಹೆಚ್ಚು ಜಾಣರಾಗಿ ನಡೆದುಕೊಂಡರು. ಅವರ ಹಳೆಯ ಏರ್ ಮಾಲ್ದೀವ್ಸ್ ಮಲೇಷ್ಯಾದ ಪಾಲುದಾರರೊಡನೆ ದೂರಕ್ಕೆ ಕೈಚಾಚಿ 2000ದಲ್ಲಿ ಮುಚ್ಚಿಹೋಗಿದ್ದಿತು. ಅದರ ಸ್ಥಾನಕ್ಕೆ ಬಂದ ಐಲ್ಯಾಂಡ್ ಏವಿಯೇಷನ್, ಎಂದರೆ ಇಂದಿನ ಮಾಲ್ದೀವಿಯನ್, ಎಷ್ಟೋ ವರ್ಷಗಳ ಕಾಲ ತನ್ನ ಹವಳದ್ವೀಪಗಳ ನಡುವೆಯೇ ಹಾರಾಡಿಕೊಂಡಿದ್ದು, 2008ರಲ್ಲಿ ತಿರುವನಂತಪುರಕ್ಕೆ ಕಾಲಿಟ್ಟು, ಬಳಿಕ ಮಾಲೆಯಿಂದ ಚೆನ್ನೈಗೂ ಚೆನ್ನೈಯಿಂದ ಢಾಕಾಕ್ಕೂ ಒಂದು ಮಾರ್ಗವನ್ನು ಹೆಣೆಯಿತು. ಭೂಪಟದಲ್ಲಿ ನೋಡಿದವನಿಗೆ ಈ ಮೂರು ಊರುಗಳ ಸಂಬಂಧ ಹೊಳೆಯುವುದಿಲ್ಲ. ಚೆನ್ನೈಯ ಗ್ರೀಮ್ಸ್ ರಸ್ತೆಗೆ ಬಂದರೆ ಹೊಳೆಯುತ್ತದೆ. 1983ರಲ್ಲಿ ಅಪೋಲೋ ಆಸ್ಪತ್ರೆ ಅಲ್ಲಿ ಆರಂಭವಾದಂದಿನಿಂದ ಸುತ್ತಲಿನ ಗಲ್ಲಿಗಳೆಲ್ಲ ರೋಗಿಗಳ ಬಂಧುಗಳಿಗೆ ಕೊಠಡಿ ಬಾಡಿಗೆಗೆ ಕೊಡುವ ಮನೆಗಳಾಗಿವೆ. ಬಂಗಾಳಿ ಲಿಪಿಯ ಫಲಕಗಳ ಕೆಳಗೆ ಮೀನಿನ ಸಾರು ಅನ್ನ ಬಡಿಸುವ ಹೋಟೆಲುಗಳಿವೆ. ಔಷಧದ ಅಂಗಡಿಯ ಮುಂದೆ ಮಾಲ್ದೀವಿನ ಹೆಂಗಸರು ರಸೀದಿಗಳನ್ನು ಎಣಿಸುತ್ತಿರುತ್ತಾರೆ. ಮಾಲೆಯವರಿಗೂ ಢಾಕಾದವರಿಗೂ ವೈದ್ಯ ಚೆನ್ನೈಯಲ್ಲಿದ್ದಾನೆ. ಮಾಲೆಯಲ್ಲಿ ಕಟ್ಟಡ ಕಟ್ಟುವ ಕೂಲಿಗಾರರು ಢಾಕಾದ ಕಡೆಯಿಂದ ಹೊರಡುತ್ತಾರೆ. ಒಂದೇ ವಿಮಾನದ ಒಂದು ತುಂಡಿನಲ್ಲಿ ರೋಗಿಗಳು, ಇನ್ನೊಂದು ತುಂಡಿನಲ್ಲಿ ರೋಗಿಗಳು, ಇಡೀ ದಾರಿಗೂ ಕೂಲಿಗಾರರು. ಯಾವ ಸೀಟಿಗೂ ಬರಿದಾಗಿ ಹಾರುವ ಪ್ರಸಂಗ ಬರಲಿಲ್ಲ. ಇದಕ್ಕೆ ದೊಡ್ಡ ಪಾಲುದಾರನ ಅಗತ್ಯ ಬೀಳಲಿಲ್ಲ. ಬೇಕಾದದ್ದು ಮೂರು ಸರ್ಕಾರಗಳ ಅನುಮತಿ, ಗ್ರೀಮ್ಸ್ ರಸ್ತೆಯನ್ನು ಬಲ್ಲ ಒಬ್ಬ ಯೋಜಕ.

ಆದರೆ ನಡುವೂರಿನ ನ್ಯಾಯ ಅವರನ್ನೂ ಬಿಡಲಿಲ್ಲ. ಢಾಕಾದ ಯು.ಎಸ್.-ಬಾಂಗ್ಲಾ ಎಂಬ ಖಾಸಗಿ ಸಂಸ್ಥೆ ತಾನೇ ಚೆನ್ನೈಗೆ ಹಾರತೊಡಗಿ, 2021ರ ನವೆಂಬರಿನಲ್ಲಿ ಮಾಲೆಗೂ ನೇರವಾದ ವಿಮಾನವನ್ನು ಬಿಟ್ಟಿತು. ಕೂಲಿಗಾರನಿಗೆ ಚೆನ್ನೈಯಲ್ಲಿ ತಂಗುವ ಕಾರಣ ಉಳಿಯಲಿಲ್ಲ. ರೋಗಿಗೆ ಮಾತ್ರ ಉಳಿದಿದೆ.